ದೊರೆಸಾನಿಯ ಎಲೆಕ್ಟ್ರಾನುಗಳು

ನಮ್ಮ ಆಸ್ಪತ್ರೆಯ ಪ್ಲಾಸ್ಟಿಕ್ ಲಿವರ್ ರಾಜಧಾನಿಯ ಕಸ್ಟಮ್ಸ್ ಗೋದಾಮಿನಲ್ಲಿ ಸಿಕ್ಕಿಕೊಂಡು ಅಂದಿಗೆ ಏಳು ವಾರವಾಗಿತ್ತು. ಅದರ ಜೊತೆಗೆ ಪ್ಲಾಸ್ಟಿಕ್ ಶ್ವಾಸಕೋಶ, ಪ್ಲಾಸ್ಟಿಕ್ ಕೊಬ್ಬು, ಪ್ಲಾಸ್ಟಿಕ್ ಮಾಂಸ, ಪ್ಲಾಸ್ಟಿಕ್ ಮೂಳೆಗಳೂ ಇದ್ದವು. ಎಲ್ಲವೂ ಬೆರಳುದ್ದದ ಕಡ್ಡಿಗಳು, ಒಂದು ದುಂಡು ಹಲಗೆಯ ತೂತುಗಳಲ್ಲಿ ಕೂರುವಂಥವು. ಕಳಿಸಿದವರು ಪೆಟ್ಟಿಗೆಯ ಮೇಲೆ ‘ಲಿವರ್ ಒಂದು, ಶ್ವಾಸಕೋಶ ಎರಡು, ಮೂಳೆ ಎರಡು’ ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಕಸ್ಟಮ್ಸ್‌ನವರು ಅಷ್ಟೇ ಪ್ರಾಮಾಣಿಕವಾಗಿ ಮೃತರ ಮರಣಪತ್ರ ಕೇಳಿದ್ದರು. ಇವು ಪ್ಲಾಸ್ಟಿಕ್ಕಿನವು ಎಂದು ನಾನು ಬರೆದೆ. ಹಾಗಾದರೆ ಮೃತರು ಪ್ಲಾಸ್ಟಿಕ್ಕಿನವರಾಗಿದ್ದರೆಂದು ವೈದ್ಯರಿಂದ ದೃಢೀಕರಿಸಿ ಎಂದು ಉತ್ತರ ಬಂತು.

ನಾನು ಯೆಲ್ಕಾ. ದ್ರಾವಾ ನದಿಯ ದಡದ ಈ ಆಸ್ಪತ್ರೆಯಲ್ಲಿ, ಕ್ಯಾನ್ಸರಿಗೆ ಕಿರಣ ಕೊಡುವ ವಿಭಾಗದಲ್ಲಿ ಭೌತವಿಜ್ಞಾನಿ. ಕಿರಣ ಎಲ್ಲಿ ಬೀಳಬೇಕೆಂದು ಡಾಕ್ಟರು ಹೇಳುತ್ತಾರೆ. ಅಲ್ಲಿಗೆ ತಲುಪುವಷ್ಟರಲ್ಲಿ ಅದರಲ್ಲಿ ಎಷ್ಟು ಬಲ ಉಳಿದಿರುತ್ತದೆ ಎಂದು ನಾನು ಲೆಕ್ಕ ಹಾಕುತ್ತೇನೆ. ಕಿರಣ ಮೈಯೊಳಗೆ ಹೋಗುವುದು ಸಂತೆಯ ಗದ್ದಲದಲ್ಲಿ ನಡೆದ ಹಾಗೆ. ದಾರಿಯಲ್ಲಿ ಎಲೆಕ್ಟ್ರಾನುಗಳು ಎಷ್ಟು ಒತ್ತಾಗಿ ನಿಂತಿವೆಯೋ ಅಷ್ಟು ಅದರ ಬಲ ಕುಗ್ಗುತ್ತದೆ. ಹಳೆಯ ಸ್ಕ್ಯಾನರ್ ಒಂದೇ ಬಗೆಯ ಎಕ್ಸ್-ರೇಯಿಂದ ನೋಡಿ, ಗದ್ದಲ ಇಷ್ಟಿರಬಹುದು ಎಂದು ಊಹಿಸುತ್ತಿತ್ತು. ಹೊಸದು ಒಂದೇ ಜಾಗವನ್ನು ಎರಡು ಸಲ ನೋಡುತ್ತದೆ, ಒಮ್ಮೆ ಮೆತ್ತನೆಯ ಎಕ್ಸ್-ರೇಯಿಂದ, ಒಮ್ಮೆ ಗಡುಸಾದದ್ದರಿಂದ. ಎರಡನ್ನೂ ತಾಳೆ ನೋಡಿದರೆ ಎರಡು ಸಂಖ್ಯೆಗಳು ಸಿಗುತ್ತವೆ. ಎಲೆಕ್ಟ್ರಾನುಗಳು ಎಷ್ಟು ಒತ್ತಾಗಿವೆ ಎನ್ನುವುದು ಮೊದಲನೆಯದು. ಅವು ಹಗುರ ಪರಮಾಣುಗಳವೋ ಭಾರದವೋ ಎನ್ನುವುದು ಎರಡನೆಯದು. ಆದರೆ ಯಂತ್ರದ ಮಾತನ್ನು ನಂಬುವ ಮೊದಲು, ನಮಗೆ ಗೊತ್ತಿರುವ ವಸ್ತುಗಳನ್ನು ಅದಕ್ಕೆ ತೋರಿಸಿ ಉತ್ತರ ಸರಿಯಿದೆಯೇ ಎಂದು ನೋಡಬೇಕು. ನೋಡಿದ್ದಕ್ಕೆ ರಾಜಧಾನಿಯ ತಪಾಸಕರು ಬಂದು ಸಹಿ ಹಾಕಬೇಕು. ಅದಕ್ಕೇ ಆ ಪ್ಲಾಸ್ಟಿಕ್ ಬೇಕಾಗಿದ್ದದ್ದು.

ಮಾಂಡಕ್ಕನ ಗಂಟಲಿನ ಬದಿಯಲ್ಲಿ ಗಡ್ಡೆ ಸಿಕ್ಕದೆ ಇದ್ದಿದ್ದರೆ ನಾನು ಇನ್ನೂ ಏಳು ವಾರ ಕಾಯುತ್ತಿದ್ದೆ.

ಮಾಂಡಕ್ಕ ನನ್ನ ಮಗಳು ತೇನಾಳ ಶಾಲೆಯ ಅಡುಗೆಯವಳು. ಐವತ್ತೆಂಟು ವರ್ಷ. ಮುನ್ನೂರು ಮಕ್ಕಳ ಸಾರಿಗೆ ಒಂದೇ ಸೌಟಿನಲ್ಲಿ ರುಚಿ ನೋಡಿ ಏನು ಕಡಿಮೆ ಎಂದು ಹೇಳುವವಳು. ಮನೆಯಲ್ಲಿ ನನ್ನ ಸಾರನ್ನು ಮುಟ್ಟದ ತೇನಾ ಅವಳ ಸಾರನ್ನು ಎರಡು ಸಲ ಹಾಕಿಸಿಕೊಳ್ಳುತ್ತಾಳೆ. ಚಳಿಗಾಲದಲ್ಲಿ ಹಳ್ಳಿಯ ಮನೆಮನೆಯಲ್ಲೂ ಕುಲೆನ್ ಮಾಡುವಾಗ, ಹೊಗೆಮನೆಯಲ್ಲಿ ತಿಂಗಳುಗಟ್ಟಲೆ ತೂಗುಹಾಕಿ ಒಣಗಿಸುವ ಆ ದಪ್ಪ ಸಾಸೇಜಿನ ಮಾಂಸಕ್ಕೆ ಉಪ್ಪು ಖಾರ ಹದವಾಗಿದೆಯೇ ಎಂದು ಹೇಳುವ ಹಕ್ಕು ಅವಳದೇ. ಕುಲೆನ್ ಸಂಘಕ್ಕೂ ಅವಳೇ ಅಧ್ಯಕ್ಷೆ.

ಡಾಕ್ಟರು ನನಗೆ ನೇರವಾಗಿ ಹೇಳಿದ್ದರು. “ಇವರ ಹಲ್ಲಿನ ಲೋಹದಿಂದ ಹಳೇ ಸ್ಕ್ಯಾನರಿನ ಚಿತ್ರ ತುಂಬಾ ಗೆರೆ ಬೀಳುತ್ತೆ. ಹಳೇದನ್ನ ನಂಬಿದ್ರೆ ನಾನು ಗಡ್ಡೆ ಸುತ್ತ ಜಾಸ್ತಿ ಜಾಗ ಬಿಟ್ಟು ಕಿರಣ ಕೊಡ್ಬೇಕು. ಆ ಜಾಗದಲ್ಲಿ ಜೊಲ್ಲಿನ ಗ್ರಂಥಿ ಇದೆ, ನಾಲಗೆ ಇದೆ. ಜೀವ ಉಳಿಯುತ್ತೆ, ರುಚಿ ಹೋಗುತ್ತೆ. ಹೊಸದಕ್ಕೆ ಮುಂದಿನ ವಾರದ ಶುಕ್ರವಾರದೊಳಗೆ ಸಹಿ ಬಿದ್ರೆ, ಅದಾದ ಸೋಮವಾರ ಎಂಟು ಗಂಟೆಗೆ ಅದರಲ್ಲೇ ಇವರ ಚಿತ್ರ ತೆಗೀರಿ. ಇಲ್ಲಾಂದ್ರೆ ಹಳೇದ್ರಲ್ಲಿ. ಸೋಮವಾರ ದಾಟೋ ಹಾಗಿಲ್ಲ.”

ಇದನ್ನು ಮಾಂಡಕ್ಕನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯ ಅಡುಗೆಮನೆಯಲ್ಲಿ ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ನಾನೂ ಒಂದು ಚಾಕು ತೆಗೆದುಕೊಂಡು ಕೂತೆ. ಎಲ್ಲವನ್ನೂ ಕೇಳಿದ ಮೇಲೆ ಅವಳು ಒಂದು ಆಲೂಗಡ್ಡೆಯ ಸಿಪ್ಪೆಯನ್ನು ತುಂಡಾಗದಂತೆ ಕೊನೆಯವರೆಗೂ ತೆಗೆದಳು.

“ಬಲಗೈ ಹೋದ್ರೆ ಎಡಗೈಲಿ ಸೌಟು ಹಿಡೀತೀನಿ,” ಎಂದಳು. “ನಾಲಗೆ ಹೋದ್ರೆ ಏನು ಹಿಡೀಲಿ, ಯೆಲ್ಕಾ?”

ನಾನು ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡೆ.

“ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಏನೇನು ಇರುತ್ತೆ ಹೇಳು ನೋಡೋಣ.”

“ಲಿವರ್, ಶ್ವಾಸಕೋಶ, ಕೊಬ್ಬು, ಮಾಂಸ, ಮೂಳೆ.”

“ಅಷ್ಟೇನಾ?” ಅವಳು ಚಾಕು ಕೆಳಗಿಟ್ಟಳು. “ಶನಿವಾರ ನಮ್ಮನೇಲಿ ಹಂದಿ ಕಡೀತಾರೆ ಕಣೇ. ನಿಜವಾದ್ದೇ ಸಿಗೋವಾಗ ಪ್ಲಾಸ್ಟಿಕ್ ಯಾಕೆ?”

ಇದು ಹುಚ್ಚು ಮಾತೇನಲ್ಲ. ಪ್ರಾಣಿಗಳ ಮಾಂಸವನ್ನು ಸ್ಕ್ಯಾನರಿನಲ್ಲಿಟ್ಟು ಪರೀಕ್ಷಿಸುವವರು ಇದ್ದಾರೆ. ತೂಕ ಗೊತ್ತು, ನೀರಲ್ಲಿ ಮುಳುಗಿಸಿದರೆ ಗಾತ್ರ ಗೊತ್ತು, ಕೃಷಿ ಕಾಲೇಜಿನ ಪ್ರಯೋಗಾಲಯಕ್ಕೆ ಚೂರು ಕೊಟ್ಟರೆ ನೀರೆಷ್ಟು ಕೊಬ್ಬೆಷ್ಟು ಎನ್ನುವುದೂ ಗೊತ್ತು. ಅಲ್ಲಿಂದ ಎಲೆಕ್ಟ್ರಾನುಗಳ ಲೆಕ್ಕ ಕಾಗದದ ಮೇಲೇ ಬರುತ್ತದೆ.

ಶನಿವಾರ ಬೆಳಗ್ಗೆ ನಾನೂ ತೇನಾಳೂ ಮಾಂಡಕ್ಕನ ಅಂಗಳದಲ್ಲಿದ್ದೆವು. ನವೆಂಬರಿನ ಕೊನೆ, ನೆಲದ ಮೇಲೆ ಹಿಮದ ಪುಡಿ. ಹಂದಿಯ ಹೆಸರು ಗ್ರೋಫಿತ್ಸಾ, ಅಂದರೆ ದೊರೆಸಾನಿ. ಹನ್ನೊಂದು ತಿಂಗಳು, ನೂರ ತೊಂಬತ್ತು ಕಿಲೋ. ನಾವು ಹೋಗುವಷ್ಟರಲ್ಲಿ ದೊರೆಸಾನಿ ಅರ್ಧಕ್ಕರ್ಧ ಮೇಜಿನ ಮೇಲಿದ್ದಳು. ಗಂಡಸರು ಹಣ್ಣಿನ ಸಾರಾಯಿ ರಾಕಿಯಾ ಹೀರುತ್ತ ಕತ್ತಿ ಮಸೆಯುತ್ತಿದ್ದರು. ಹಿಂಭಾಗದಲ್ಲಿ ಮಾಂಡಕ್ಕ ಕುಲೆನ್‌ಗೆ ಆರಿಸಿದ ಮಾಂಸಕ್ಕೆ ಉಪ್ಪು ಹಾಕುತ್ತಿದ್ದಳು. ಅವಳ ಮೈದುನ ಶಿಮೋ ಪಕ್ಕದಲ್ಲೇ ಸುಳಿದಾಡುತ್ತಿದ್ದ.

“ಉಪ್ಪು ಸಾಲ್ದು ಅತ್ತಿಗೆ.”

“ಕಿಲೋಗೆ ಇಪ್ಪತ್ತೆರಡು ಗ್ರಾಂ. ನಲವತ್ತು ವರ್ಷದಿಂದ ಅಷ್ಟೇ.”

“ಸಾಲ್ದು ಅಂತಿದೀನಿ.”

“ನೀನು ಹೋಗಿ ಕರುಳು ತೊಳಿ. ಅಷ್ಟು ನಿನ್ನ ಕೈಲಾಗುತ್ತೆ.”

ನಾನು ಮನೆಯಿಂದ ಮುಚ್ಚಳದ ಡಬ್ಬಿಗಳನ್ನು ತಂದಿದ್ದೆ. ನಾಲ್ಕೇ ಇದ್ದವು. ಐದನೆಯದಾಗಿ ತೇನಾಳ ಊಟದ ಡಬ್ಬಿಯನ್ನು ತೆಗೆದುಕೊಂಡೆ. ಅದರ ಮುಚ್ಚಳದ ಮೇಲೊಂದು ಕುದುರೆಮರಿಯ ಉಬ್ಬುಚಿತ್ರವಿತ್ತು.

“ಅದ್ರಲ್ಲಿ ಏನು ಹಾಕ್ತೀಯ?” ತೇನಾ ಕೇಳಿದಳು.

“ಶ್ವಾಸಕೋಶ.”

ಅವಳು ಸ್ವಲ್ಪ ಯೋಚಿಸಿದಳು. “ವಾಪಸ್ ಕೊಡ್ಬೇಡ. ಹೊಸದು ಕೊಡ್ಸು.”

ಡಬ್ಬಿಗಳನ್ನು ತುಂಬಿಸಿ ಕೊಟ್ಟದ್ದು ಮಾಂಡಕ್ಕನೇ. ನಾನಾಗ ತೇನಾಳ ಒದ್ದೆ ಕಾಲುಚೀಲ ಬದಲಿಸುತ್ತಿದ್ದೆ. ಇದನ್ನು ಹೇಳಲು ಕಾರಣವಿದೆ.

ಭಾನುವಾರ ಆಸ್ಪತ್ರೆಯ ಔಷಧಾಲಯದ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿದೆ. ಮಂಗಳವಾರ ಪ್ರಯೋಗಾಲಯದ ಚೀಟಿ ಬಂತು. ಆವತ್ತೇ ಮಧ್ಯಾಹ್ನ ಡಬ್ಬಿಗಳನ್ನು ನೀರು ತುಂಬಿದ ದೊಡ್ಡ ಪಾತ್ರೆಯೊಂದರಲ್ಲಿ ಮುಳುಗಿಸಿ, ಪಾತ್ರೆಯನ್ನು ಸ್ಕ್ಯಾನರಿನ ಮಂಚದ ಮೇಲೆ ಮಲಗಿಸಿದೆವು. ಯಂತ್ರ ನಡೆಸುವವನು ತೂನ್ಯಾ. ನನಗಿಂತ ಹತ್ತು ವರ್ಷ ಚಿಕ್ಕವನು, ಮಾತಿನಲ್ಲಿ ಮಾತ್ರ ದೊಡ್ಡವನು.

“ಯಂತ್ರ ಒಪ್ತಿಲ್ಲ ಯೆಲ್ಕಕ್ಕ,” ಎಂದ. “ಪರೀಕ್ಷೆ ಅಂತ ಒತ್ತಿದ್ರೆ ಪ್ಲಾಸ್ಟಿಕ್ ಹಲಗೆ ನಂಬರ್ ಕೇಳುತ್ತೆ. ಅದು ಕಸ್ಟಮ್ಸ್‌ನಲ್ಲಿದೆ.”

“ಬೇರೆ ದಾರಿ?”

“ರೋಗಿ ಅಂತ ಒತ್ಬೇಕು. ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ, ತೂಕ. ಇಷ್ಟು ಕೊಟ್ರೆ ಯಾರನ್ನ ಬೇಕಾದ್ರೂ ನೋಡುತ್ತೆ.”

ನಾನು ಆಗ ತಡೆಯಬೇಕಾಗಿತ್ತು. ತೇನಾಳನ್ನು ಶಾಲೆಯಿಂದ ಕರೆತರಲು ಹೊತ್ತಾಗಿತ್ತು. ‘ಏನಾದರೂ ಹಾಕು’ ಎಂದುಬಿಟ್ಟೆ.

ಆದರೆ ತೂನ್ಯಾ ಏನೋ ಒಂದನ್ನು ಹಾಕುವ ಜಾತಿಯವನಲ್ಲ. ಅವನ ಅಮ್ಮ ಈ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದಾಖಲೆ ಬರೆದವರು. ಕಡತದಲ್ಲಿ ಸುಳ್ಳು ಬರೆದರೆ ಕೈ ಬಿದ್ದುಹೋಗುತ್ತದೆ ಎಂದು ಹೇಳಿ ಬೆಳೆಸಿದ್ದರು. ಮಾಂಡಕ್ಕನಿಗೆ ಫೋನು ಮಾಡಿ ಎಲ್ಲವನ್ನೂ ಕೇಳಿ ಸರಿಯಾಗಿ ಬರೆದ. ಹೆಸರು ಗ್ರೋಫಿತ್ಸಾ ಬೆನಾಕೊವಿಚ್. ಹೆಣ್ಣು. ಹುಟ್ಟಿದ್ದು ಇದೇ ವರ್ಷದ ಜನವರಿ. ತೂಕ ನೂರ ತೊಂಬತ್ತು. ವಯಸ್ಸು ನೋಡಿದ ಯಂತ್ರ ತಾಯಿಯ ಹೆಸರು ಕೇಳಿತು. ಸಾಕಿದವಳೇ ತಾಯಿ ಎಂದು ಮಾಂಡಾ ಬೆನಾಕೊವಿಚ್ ಎಂದು ಬರೆದ.

ಯಂತ್ರ ಎರಡು ಸಲ ನೋಡಿತು. ಚಿತ್ರಗಳು ಸೊಗಸಾಗಿ ಬಂದವು.

ಬುಧವಾರ ಬೆಳಗ್ಗೆ, ದೊರೆಸಾನಿಯ ಕಡತ ತಾನಾಗೇ ತಲುಪಿದ್ದ ಮಕ್ಕಳ ವಿಭಾಗದ ಆಹಾರತಜ್ಞೆಯಿಂದ ಪತ್ರ ಬಂತು. ಮಗುವಿನ ತೂಕ ವಯಸ್ಸಿಗೆ ಹೋಲಿಸಿದರೆ ತುಸು ಹೆಚ್ಚಾಗಿದೆ, ಸಿಹಿ ಕಡಿಮೆ ಮಾಡಿ, ದಿನಾ ನೆಲದ ಮೇಲೆ ತೆವಳಲು ಬಿಡಿ, ಎಂದಿತ್ತು. ಮಧ್ಯಾಹ್ನ ಮಾಂಡಕ್ಕ ಫೋನು ಮಾಡಿದಳು.

“ಯೆಲ್ಕಾ, ಎಳೆಮಕ್ಕಳನ್ನ ನೋಡೋಕೆ ಮನೆಮನೆಗೆ ಬರ್ತಾಳಲ್ಲ ದಾದಿ, ಅವಳು ಬಂದಿದ್ಲು.”

“ಯಾಕೆ?”

“ನಂಗೆ ಮಗು ಆಗಿದೆಯಂತೆ. ಐವತ್ತೆಂಟಕ್ಕೆ ಧೈರ್ಯ ಮಾಡಿದೀರ, ಒಳ್ಳೇದಾಗ್ಲಿ ಅಂದ್ಳು. ಲಸಿಕೆ ಹಾಕ್ಸಿದೀರಾ ಅಂತ ಕೇಳಿದ್ಲು. ಕೆಂಪುಜ್ವರದ್ದು ಪಶುವೈದ್ಯರು ಹಾಕಿದಾರೆ ಅಂದೆ. ಬರ್ಕೊಂಡ್ಲು.”

“ಪಶುವೈದ್ಯರು ಅಂತ ಬರ್ಕೊಂಡ್ಲಾ?”

“ಹೂಂ ಮತ್ತೆ. ಎದೆಹಾಲು ಯಾವಾಗ ಬಿಡ್ಸಿದ್ರಿ ಅಂದ್ಲು. ಆರನೇ ವಾರಕ್ಕೆ, ಆಮೇಲೆ ಬರೀ ಜೋಳ ಅಂದೆ. ಅಷ್ಟು ಬೇಗ ಗಟ್ಟಿ ಆಹಾರ ಕೊಡ್ತಾರಾ ಅಂತ ಚೆನ್ನಾಗಿ ಬೈದ್ಲು. ನಂಗೂ ಅಯ್ಯೋ ಪಾಪ ಅನ್ನಿಸ್ತು ನೋಡು.”

“ಮಗು ಎಲ್ಲಿ ಅಂತ ಕೇಳ್ಲಿಲ್ವಾ?”

“ಕೇಳಿದ್ಲು. ಸ್ವಲ್ಪ ಆಸ್ಪತ್ರೇಲಿದೆ, ಮಿಕ್ಕಿದ್ದು ಹೊಗೆಮನೇಲಿದೆ ಅಂದೆ.”

“ಅದಕ್ಕೆ?”

“ಎರಡು ಕಡೆ ಇದ್ರೆ ಎರಡೂ ವಿಳಾಸ ಬರೀಬೇಕಂತೆ.”

ನಾನು ನಕ್ಕೆ. ಮಾಂಡಕ್ಕನೂ ನಕ್ಕಳು; ನಗುವಾಗ ಗಂಟಲು ನೋಯುತ್ತದೆಂದು ಬೇಗ ನಿಲ್ಲಿಸಿದಳು.

ಗುರುವಾರ ನಗು ನಿಂತೇಹೋಯಿತು. ಕೌಂಟರಿನಲ್ಲಿ ರೋಗಿಗಳಿಗೆ ದಿನಾಂಕ ಕೊಡುವ ಜುರ್ಜಾ ನನ್ನನ್ನು ಕರೆದಳು. ನೇರ ಮನುಷ್ಯಳು, ಕಂಪ್ಯೂಟರ್ ಹೇಳಿದ್ದನ್ನು ಹೇಳುವವಳು.

“ಸೋಮವಾರ ಎಂಟು ಗಂಟೆ ಮಾಂಡಾ ಬೆನಾಕೊವಿಚ್‌ದು ಹೋಯ್ತು ಕಣ್ರೀ.”

“ಹೋಯ್ತು ಅಂದ್ರೆ?”

“ಗ್ರೋಫಿತ್ಸಾ ಬೆನಾಕೊವಿಚ್‌ಗೆ ಹೋಗಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಮೊದಲ ಸರದಿ. ತಾನಾಗೇ ಹಾಕ್ಕೊಂಡಿದೆ. ತಾಯಿಗೆ ಮೂರು ವಾರ ಬಿಟ್ಟು ಕೊಡ್ತಿದೆ.”

“ಜುರ್ಜಾ, ಅದು ಹಂದಿ.”

ಅವಳು ಪರದೆಯನ್ನು ನೋಡಿದಳು. “ಇಲ್ಲಿ ಹೆಣ್ಣು ಅಂತಿದೆ.”

“ಹೆಣ್ಣು ಹಂದಿ.”

“ಇರಬಹುದು. ಆದ್ರೆ ಮಗುವಿನ ಸರದಿ ತೆಗೀಬೇಕಂದ್ರೆ ಕಡತ ಮುಚ್ಬೇಕು. ಮುಚ್ಚೋಕೆ ಮೂರೇ ದಾರಿ. ಗುಣವಾಗಿ ಮನೆಗೆ ಹೋದ್ರು, ಬೇರೆ ಕಡೆಗೆ ವರ್ಗ ಆದ್ರು, ಇಲ್ಲಾ ತೀರ್ಕೊಂಡ್ರು.”

“ತೀರ್ಕೊಂಡಿದೆ. ಶನಿವಾರವೇ.”

“ಚಿತ್ರ ತೆಗೆದಿದ್ದು ಮಂಗಳವಾರ,” ಎಂದಳು ಜುರ್ಜಾ. “ಶನಿವಾರ ತೀರ್ಕೊಂಡಿರೋ ಮಗೂಗೆ ಮಂಗಳವಾರ ಚಿತ್ರ ತೆಗೆದ್ರು ಅಂತ ಬರೆದ್ರೆ ವಿಚಾರಣೆ ಆಗುತ್ತೆ. ನಿಮ್ಮ ಮೇಲೇ ಆಗೋದು. ಯೋಚ್ನೆ ಮಾಡಿ.”

ಅವತ್ತು ಸಂಜೆ ತೇನಾಳ ಅಂಗಿಗಳಿಗೆ ಇಸ್ತ್ರಿ ಹಾಕುತ್ತ ಯೋಚಿಸಿದೆ. ಸಹಿ ಬೀಳಬೇಕು, ಸರದಿಯೂ ಮರಳಬೇಕು. ಎರಡಕ್ಕೂ ಶುಕ್ರವಾರ ಒಂದೇ ದಿನ. ಒಂದಾಗಿ ಇನ್ನೊಂದು ಆಗದಿದ್ದರೆ ಮಾಂಡಕ್ಕನ ನಾಲಗೆ ಉಳಿಯುವುದಿಲ್ಲ. ಒಂದು ಅಂಗಿಯ ತೋಳು ಸುಟ್ಟಿತು.

ಶುಕ್ರವಾರ ಹತ್ತು ಗಂಟೆಗೆ ತಪಾಸಕ ಹಲಾಂಬೆಕ್ ಬಂದರು. ಕಡ್ಡಿಯಂಥ ಮನುಷ್ಯ. ಕೊರಳಿಗೆ ಎರಡು ಸುತ್ತು ಉಣ್ಣೆಯ ಶಾಲು. ಒಳಗೆ ಬಂದವರೇ ಕಿಟಕಿ ಎಲ್ಲೆಲ್ಲಿವೆ ಎಂದು ನೋಡಿದರು. ಎದುರುಬದುರು ಗಾಳಿಯಾಡುವ ಕೋಣೆಯಲ್ಲಿ ಕೂತರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ ಎಂಬ ಭಯ ಅವರಿಗೆ. ತೂನ್ಯಾ ಎಲ್ಲ ಬಾಗಿಲುಗಳನ್ನೂ ಮುಚ್ಚಿದ. ಯಂತ್ರದ ತಂಪುಗಾಳಿ ನಿಲ್ಲಿಸಲಾಗದು ಎಂದಾಗ ಅವರು ಟೋಪಿಯನ್ನೂ ಹಾಕಿಕೊಂಡರು.

ಅವರ ಕೈಯಲ್ಲಿ ನಮೂನೆಯೊಂದಿತ್ತು. “ಪರೀಕ್ಷೆ ಯಾವುದರ ಮೇಲೆ ಮಾಡಿದ್ರಿ? ಇಲ್ಲಿ ಗುರುತು ಹಾಕೋಕೆ ಎರಡು ಮನೆ ಇದೆ. ಮಾನ್ಯತೆ ಇರೋ ಪ್ಲಾಸ್ಟಿಕ್, ಇಲ್ಲಾ ರೋಗಿ.”

“ಮಾಂಸದ ಮೇಲೆ ಸಾರ್,” ಎಂದೆ.

“ಮಾಂಸಕ್ಕೆ ಮನೆ ಇಲ್ವಲ್ಲಮ್ಮ.”

ತೂನ್ಯಾ ಕೆಮ್ಮಿದ. “ರೋಗಿ ಅಂತ ದಾಖಲಾಗಿದೆ ಸಾರ್. ಎಲ್ಲಾ ಸರಿಯಾಗಿ ತುಂಬಿದೀನಿ.”

ಹಲಾಂಬೆಕ್ ಕಡತ ಓದಿದರು. ಬಹಳ ಹೊತ್ತು ಓದಿದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಡತ ಪೂರ್ತಿಯಾಗಿತ್ತು, ಯಾವ ಮನೆಯೂ ಖಾಲಿ ಇರಲಿಲ್ಲ. ಅದು ಅವರಿಗೆ ಇಷ್ಟವಾದಂತೆ ಕಂಡಿತು. ಆಮೇಲೆ ಚಿತ್ರ ನೋಡಿದರು. ಐದು ಡಬ್ಬಿಗಳು, ಒಂದರ ಮುಚ್ಚಳದ ಮೇಲೆ ಕುದುರೆಮರಿಯ ಉಬ್ಬು.

“ರೋಗಿ ಹೀಗೇ ಇರ್ತಾರಾ?”

“ಶನಿವಾರದಿಂದ ಹೀಗೇ ಇದಾರೆ ಸಾರ್,” ಎಂದ ತೂನ್ಯಾ.

“ಈಗ ಸ್ಥಿತಿ ಹೇಗಿದೆ?”

“ಸ್ಥಿರವಾಗಿದೆ. ಫ್ರಿಜ್ಜಲ್ಲಿದಾರೆ.”

“ಹೂಂ.” ಹಲಾಂಬೆಕ್ ಪುಟ ತಿರುವಿದರು. “ಎಳೆಮಗುವಾದ್ರೆ ತಾಯಿ ಒಪ್ಪಿಗೆ ಬೇಕು. ಸಹಿ ಎಲ್ಲಿ?”

ಮಾಂಡಕ್ಕನನ್ನು ಕರೆಸಿದೆವು. ಅವಳು ಏಪ್ರನ್ನಿನಲ್ಲೇ ಬಂದಳು. ಕೈಯಲ್ಲೊಂದು ತಟ್ಟೆ, ಅದರ ತುಂಬ ಹುರಿದ ಕೊಬ್ಬಿನ ಚೂರುಗಳು, ಮೇಲೊಂದು ಬಟ್ಟೆ. ಹಂದಿ ಕಡಿದ ವಾರ ಯಾರ ಮನೆಗೂ ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ತಟ್ಟೆಯನ್ನು ತಪಾಸಕರ ಮುಂದಿಟ್ಟು ಪೆನ್ನು ತೆಗೆದುಕೊಂಡಳು.

“ನೀವು ಗ್ರೋಫಿತ್ಸಾಳ ತಾಯಿನಾ?”

“ಬಾಟಲಿ ಹಾಲು ಕುಡ್ಸಿ ಸಾಕಿದೀನಿ ಸಾರ್. ಹನ್ನೆರಡು ಮರಿಯಲ್ಲಿ ಇವಳೇ ಸಣ್ಣೋಳು. ಅಡಿಗೆಮನೆ ಒಲೆ ಪಕ್ಕದಲ್ಲೇ ಬೆಳೆದದ್ದು. ನಾನಲ್ದೆ ಇನ್ಯಾರು?”

ಹಲಾಂಬೆಕ್ ತೃಪ್ತರಾದರು. ಒಪ್ಪಿಗೆಪತ್ರಕ್ಕೆ ಮಾಂಡಕ್ಕನ ಸಹಿ ಬಿತ್ತು. ಕೊಬ್ಬಿನ ಒಂದು ಚೂರು ಬಾಯಿಗೆ ಹಾಕಿಕೊಂಡು, ತಾವು ತಿನ್ನುತ್ತಿರುವುದು ರೋಗಿಯನ್ನು ಎಂದು ಅವರಿಗೆ ಹೊಳೆಯಿತೋ ಇಲ್ಲವೋ, ಇನ್ನೊಂದನ್ನೂ ತೆಗೆದುಕೊಂಡು ಸಂಖ್ಯೆಗಳ ಪಟ್ಟಿಗೆ ಕೈಹಾಕಿದರು.

ನೀರನ್ನು ಒಂದು ಎಂದು ಇಟ್ಟುಕೊಂಡರೆ ಕೊಬ್ಬಿನ ಎಲೆಕ್ಟ್ರಾನ್ ದಟ್ಟಣೆ ಸುಮಾರು 0.95. ಕಾಗದದ ಲೆಕ್ಕವೂ ಅಷ್ಟೇ, ಯಂತ್ರವೂ ಅಷ್ಟೇ. ಲಿವರ್ 1.05, ಸರಿ. ತೊಡೆಮೂಳೆ ಸರಿ. ಶ್ವಾಸಕೋಶ ಕೂಡ ಸರಿ. ಮಾಂಸ ದಟ್ಟಣೆಯಲ್ಲಿ ಸರಿ. ಆದರೆ ಎರಡನೆಯ ಸಂಖ್ಯೆ, ಪರಮಾಣುಗಳು ಹಗುರವೋ ಭಾರವೋ ಎಂದು ಹೇಳುವುದು, ಮಾಂಸದಲ್ಲಿ ಮಾತ್ರ ಎಲ್ಲೋ ಮೇಲೆ ಕೂತಿತ್ತು. ಮಂಗಳವಾರದಿಂದ ನಾನು ಅದನ್ನು ನೋಡುತ್ತಲೇ ಇದ್ದೆ. ನೂರು ಸಲ ಲೆಕ್ಕ ಮಾಡಿದ್ದೆ. ಮಾಂಸ ಹಾಗಿರಲು ಸಾಧ್ಯವಿಲ್ಲ.

ಹಲಾಂಬೆಕ್ ಬೆರಳು ನೇರವಾಗಿ ಅಲ್ಲಿಗೇ ಹೋಯಿತು.

“ಇದು ಸರಿಯಿಲ್ಲ.”

“ಹೌದು ಸಾರ್. ಗೊತ್ತಿದೆ.”

“ನಾಲ್ಕು ಸರಿ, ಒಂದು ತಪ್ಪು. ಒಂದು ತಪ್ಪಿದ್ರೂ ಸಹಿ ಹಾಕೋ ಹಾಗಿಲ್ಲಮ್ಮ. ಮಾಂಸದಲ್ಲೇ ತಪ್ಪು ಹೇಳೋ ಯಂತ್ರ ಮನುಷ್ಯರ ಗಂಟಲಲ್ಲಿ ಏನು ಹೇಳುತ್ತೋ.” ದನಿಯಲ್ಲಿ ಕಟುತನವೇನೂ ಇರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

ಮಾಂಡಕ್ಕ ನನ್ನ ಮುಖ ನೋಡಿದಳು. “ಏನಂತೆ?”

“ಮಾಂಸದಲ್ಲಿ ಇರಬಾರದ ಏನೋ ಭಾರದ್ದು ಇದೆ ಅಂತಿದೆ ಯಂತ್ರ, ಮಾಂಡಕ್ಕ. ಹಂದಿ ಮಾಂಸದಲ್ಲಿ ಅಂಥದ್ದು ಇರಲ್ಲ. ಯಂತ್ರಾನೇ ತಪ್ಪು ಹೇಳ್ತಿರಬೇಕು.”

“ಭಾರದ್ದು ಅಂದ್ರೆ ಎಂಥದ್ದು? ಕಲ್ಲಾ?”

“ಕಲ್ಲಲ್ಲ. ಕ್ಲೋರಿನ್ ಥರದ್ದು. ಉಪ್ಪಲ್ಲಿ ಇರುತ್ತಲ್ಲ...”

ನಾನು ಅಲ್ಲಿಗೇ ನಿಂತೆ. ಮಾಂಡಕ್ಕ ಏಪ್ರನ್ನಿನ ಅಂಚನ್ನು ಮಡಿಸಿದಳು, ಬಿಚ್ಚಿದಳು.

“ಮಾಂಡಕ್ಕ, ಆ ಮಾಂಸ ನಂಗೆ ಎಲ್ಲಿಂದ ಹಾಕ್ಕೊಟ್ಟೆ?”

“ಕುಲೆನ್ ತೊಟ್ಟಿಯಿಂದ.”

“ಉಪ್ಪು ಹಾಕಿದ್ದ?”

“ಮತ್ತೆ?” ಅವಳ ದನಿಯಲ್ಲಿ ಸಿಟ್ಟಿತ್ತು, ನಾಚಿಕೆಯೂ ಇತ್ತು. “ನಮ್ಮನೆಯಿಂದ ಸಪ್ಪೆ ಮಾಂಸ ಆಸ್ಪತ್ರೆಗೆ ಹೋಯ್ತು ಅಂದ್ರೆ ನಾಳೆ ಜನ ಏನಂತಾರೆ? ಯಂತ್ರಕ್ಕೆ ಕೊಡೋದಾದ್ರೂ ಒಂದು ಹದ ಬೇಡ್ವಾ? ಒಳ್ಳೇ ತುಂಡನ್ನೇ ಆರಿಸಿ ಹಾಕಿದೀನಿ.”

ಹಲಾಂಬೆಕ್ ಪೆನ್ನಿನ ಮುಚ್ಚಳ ತೆಗೆದರು.

“ಎಷ್ಟು ಉಪ್ಪು?”

“ಕಿಲೋಗೆ ಇಪ್ಪತ್ತೆರಡು ಗ್ರಾಂ.”

ನಾನು ಲೆಕ್ಕಕ್ಕೆ ಕೂತೆ. ಕೃಷಿ ಕಾಲೇಜಿನವರು ನೀರು, ಕೊಬ್ಬು, ಪ್ರೋಟೀನು ನೋಡಿದ್ದರು; ನಾನು ಕೇಳದಿದ್ದ ಉಪ್ಪನ್ನು ಅವರೂ ನೋಡಿರಲಿಲ್ಲ. ಉಪ್ಪು ಸೇರಿಸಿದ ಕೂಡಲೇ ಕಾಗದದ ಮೇಲಿನ ಸಂಖ್ಯೆ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಬಂತು. ಯಂತ್ರದ ಸಂಖ್ಯೆಯ ಪಕ್ಕಕ್ಕೇ ಬಂದು, ಕೂದಲೆಳೆಯಷ್ಟು ಕೆಳಗೆ ನಿಂತಿತು. ತಪಾಸಕರ ಮಿತಿಗಿಂತ ಆ ವ್ಯತ್ಯಾಸ ಎಷ್ಟೋ ಚಿಕ್ಕದು. ಆದರೂ ನನಗೆ ಕುತೂಹಲ. ಇಪ್ಪತ್ತಮೂರು ಹಾಕಿ ನೋಡಿದೆ. ಇಪ್ಪತ್ತನಾಲ್ಕು ಹಾಕಿದಾಗ ಎರಡೂ ಒಂದರ ಮೇಲೊಂದು ಕೂತವು.

“ಇಪ್ಪತ್ತನಾಲ್ಕು ಗ್ರಾಂ ಅಂತಿದೆ ಯಂತ್ರ.”

“ಇಪ್ಪತ್ತೆರಡು,” ಎಂದಳು ಮಾಂಡಕ್ಕ.

“ಯಂತ್ರ ಹೇಳ್ತಿದೆ ಅಷ್ಟೇ...”

“ನಲವತ್ತು ವರ್ಷದಿಂದ ಇಪ್ಪತ್ತೆರಡು. ನಿನ್ನ ಯಂತ್ರ ಮೊನ್ನೆ ಬಂದದ್ದು.”

ಹಲಾಂಬೆಕ್ ಇಬ್ಬರನ್ನೂ ನೋಡಿದರು. ಆಮೇಲೆ ಷರಾ ಎಂಬ ಜಾಗದಲ್ಲಿ ನಿಧಾನವಾಗಿ ಬರೆದರು: ಯಂತ್ರ ಉಪ್ಪನ್ನು ಕಂಡುಹಿಡಿಯಬಲ್ಲದು, ತಾಯಿ ಹೇಳುವ ಉಪ್ಪಿಗೂ ಯಂತ್ರ ಹೇಳುವ ಉಪ್ಪಿಗೂ ಎರಡು ಗ್ರಾಂ ವ್ಯತ್ಯಾಸವಿದೆ, ಇದು ಕುಟುಂಬದ ಆಂತರಿಕ ವಿಷಯ. ಕೆಳಗೆ ಸಹಿ ಹಾಕಿದರು. ಎದ್ದು ಶಾಲು ಬಿಗಿದುಕೊಂಡರು. ಬಾಗಿಲಲ್ಲಿ ನಿಂತು ತಿರುಗಿ, “ಮಗು ಬೇಗ ಗುಣ ಆಗ್ಲಿ,” ಎಂದು ಹೋದರು.

ಅವರು ಹೋದ ಮೇಲೆ ಉಳಿದದ್ದು ಸರದಿ. ಮೂವರೂ ಜುರ್ಜಾಳ ಕೌಂಟರಿಗೆ ಹೋದೆವು. ಅವಳ ಪಾಳಿ ಮುಗಿಯಲು ಇಪ್ಪತ್ತು ನಿಮಿಷವಿತ್ತು.

“ಮೂರೇ ದಾರಿ,” ಎಂದಳು ಜುರ್ಜಾ ಮತ್ತೆ. “ಗುಣ, ವರ್ಗ, ಮರಣ.”

ಮಾಂಡಕ್ಕ ಮೊಣಕೈ ಊರಿ ಒಳಗೆ ಬಾಗಿದಳು. “ವರ್ಗ ಅಂತ ಬರಿ.”

“ಎಲ್ಲಿಗೆ?”

“ಹೊಗೆಮನೆಗೆ.”

ಜುರ್ಜಾ ಟೈಪು ಮಾಡಿದಳು. “ಅಲ್ಲಿ ಏನು ಚಿಕಿತ್ಸೆ ಕೊಡ್ತಾರೆ?”

“ಹೊಗೆ. ಬೀಚ್ ಮರದ್ದು. ದಿನಾ ಅಲ್ಲ, ದಿನ ಬಿಟ್ಟು ದಿನ.”

“ಎಷ್ಟು ಕಾಲ?”

“ಜೂನ್ ತಿಂಗಳವರೆಗೆ.”

“ಒಪ್ಪಿಸಿಕೊಳ್ಳೋ ಸಂಸ್ಥೆಯ ಮೊಹರು ಬೇಕು. ಮೊಹರಿಲ್ದೆ ಆಗಲ್ಲ ಮಾಂಡಕ್ಕ. ನನ್ನ ಬೈಬೇಡಿ, ಕಂಪ್ಯೂಟರ್ ಕೇಳ್ತಿದೆ.”

ಮಾಂಡಕ್ಕ ಏಪ್ರನ್ನಿನ ಜೇಬಿಗೆ ಕೈಹಾಕಿ ಕುಲೆನ್ ಸಂಘದ ಮೊಹರು ತೆಗೆದಳು. ಈ ತಿಂಗಳಲ್ಲಿ ಪ್ರತಿ ಮನೆಯ ಕುಲೆನ್‌ಗೂ ಅದನ್ನೊತ್ತುವ ಚೀಟಿ ಕಟ್ಟಬೇಕಿರುವುದರಿಂದ ಅದು ಅವಳ ಜೇಬಿನಲ್ಲೇ ಇರುತ್ತದೆ. ಬಾಯಿಂದ ಹಬೆ ಊದಿ ಕಾಗದದ ಮೇಲೆ ಒತ್ತಿದಳು. ಹಂದಿಯ ತಲೆಯ ಸುತ್ತ ಸಂಘದ ಹೆಸರು ಸ್ಪಷ್ಟವಾಗಿ ಮೂಡಿತು.

ಜುರ್ಜಾ ಮೊಹರನ್ನು ಬೆಳಕಿಗೆ ಹಿಡಿದು ನೋಡಿದಳು. “ದುಂಡಗಿದೆ. ನಡೆಯುತ್ತೆ.” ಒಂದು ಗುಂಡಿ ಒತ್ತಿದಳು. “ಸೋಮವಾರ ಎಂಟು ಗಂಟೆ, ಮಾಂಡಾ ಬೆನಾಕೊವಿಚ್. ಮಗೂಗೆ ಜೂನ್ ಹನ್ನೆರಡಕ್ಕೆ ಮರುಪರೀಕ್ಷೆ ಬಂತು, ತಪ್ಪಿಸ್ಬೇಡಿ.”

ಸೋಮವಾರ ಎಂಟಕ್ಕೆ ಮಾಂಡಕ್ಕ ಸ್ಕ್ಯಾನರಿನ ಮಂಚದ ಮೇಲೆ ಮಲಗಿದಳು. ಮುಖಕ್ಕೆ ಬಲೆಯಂಥ ಮುಖವಾಡ ಬಿಗಿದಿದ್ದೆವು, ಅಲುಗಾಡುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಅದೊಂದು ದಿನ ಅವಳು ಸುಮ್ಮನಿದ್ದದ್ದು. ನಾನು ಗಾಜಿನ ಈಚೆ ನಿಂತು ಅವಳ ಕೈ ನೋಡುತ್ತಿದ್ದೆ. ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಯಂತ್ರ ಎರಡು ಸಲ ನೋಡಿತು. ಹಲ್ಲಿನ ಲೋಹದ ಗೆರೆಗಳು ಇಲ್ಲವೆನ್ನುವಷ್ಟು ಮಾಸಿದ್ದವು. ಗಡ್ಡೆ ಎಲ್ಲಿ ಮುಗಿಯುತ್ತದೆ, ನಾಲಗೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಮುಖವಾಡ ಬಿಚ್ಚಿದ ಮೇಲೆ ಅವಳ ಕೆನ್ನೆಯ ತುಂಬ ಬಲೆಯ ಗುರುತು. ಮೊದಲು ಕೇಳಿದ್ದು, “ನನ್ನ ಮಾಂಸದ್ದು ಎಷ್ಟು ಬಂತು?”

“1.04.”

“ದೊರೆಸಾನಿದು?”

“ಉಪ್ಪು ಬಿಟ್ರೆ ಅಷ್ಟೇ.”

“ಇರ್ಲೇಬೇಕಲ್ಲ,” ಎಂದಳು ಕೆನ್ನೆ ಉಜ್ಜಿಕೊಳ್ಳುತ್ತ. “ಇಬ್ರೂ ತಿಂದದ್ದು ಒಂದೇ ಹೊಲದ ಜೋಳ.”

ಡಾಕ್ಟರು ಗಡ್ಡೆಯ ಸುತ್ತ ಬಿಡುವ ಜಾಗವನ್ನು ಕಿರಿದಾಗಿಸಿದರು. ನಾನು ಲೆಕ್ಕ ಹಾಕಿದೆ, ಮತ್ತೆ ಹಾಕಿದೆ. ಆರು ವಾರ ಕಿರಣ ಕೊಟ್ಟೆವು. ಎಷ್ಟು ಕಿರಿದಾದ ದಾರಿಯಾದರೂ ನಾಲಗೆಯ ಅಂಚಿಗೆ ಸ್ವಲ್ಪ ತಗಲಿಯೇ ತಗಲುತ್ತದೆ. ಮೂರನೆಯ ವಾರದಿಂದ ಅವಳಿಗೆ ಎಲ್ಲವೂ ಗೋಡೆಗೆ ಕಾಗದ ಅಂಟಿಸುವ ಅಂಟಿನ ಹಾಗೆ ಎನಿಸತೊಡಗಿತು. ನಾನು ದಿನಾ ಸಂಜೆ ಗಂಜಿಯಂಥ ಸಾರು ಮಾಡಿ ಕೊಂಡೊಯ್ಯುತ್ತಿದ್ದೆ. ಅವಳು ಕುಡಿದು, “ಚೆನ್ನಾಗಿದೆ,” ಎನ್ನುತ್ತಿದ್ದಳು. ಅದು ನನ್ನನ್ನು ಹೆದರಿಸುತ್ತಿತ್ತು. ನನ್ನ ಸಾರನ್ನು ಅವಳು ಎಂದೂ ಚೆನ್ನಾಗಿದೆ ಎಂದವಳಲ್ಲ. ಫೆಬ್ರವರಿಯಲ್ಲಿ ಗಡ್ಡೆ ಕಾಣಿಸಲಿಲ್ಲ. ಏಪ್ರಿಲ್‌ನಲ್ಲೂ ಕಾಣಿಸಲಿಲ್ಲ. ಏಪ್ರಿಲ್‌ನಲ್ಲೂ ನನ್ನ ಸಾರು ಚೆನ್ನಾಗಿತ್ತು. ಶಾಲೆಯಲ್ಲಿ ಬದಲಿ ಅಡುಗೆಯವಳು ಬಂದಿದ್ದಳು. ಅವಳ ಸಾರು ತೇನಾಗೆ ಹಿಡಿಸದೆ ನಾನೇ ಡಬ್ಬಿ ಕಟ್ಟುತ್ತಿದ್ದೆ. ತೇನಾ ಡಬ್ಬಿಯನ್ನು ತುಂಬಿದ ಹಾಗೇ ವಾಪಸ್ ತರುತ್ತಿದ್ದಳು, ಹೊಸ ಡಬ್ಬಿಯನ್ನು. ಈ ನಡುವೆ ಪ್ಲಾಸ್ಟಿಕ್ ಲಿವರ್ ಬಿಡುಗಡೆಯಾಗಿ ಬಂತು, ಹೂಳಲು ಅನುಮತಿಪತ್ರದ ಸಮೇತ.

ಜೂನ್ ಹನ್ನೆರಡರಂದು ಗ್ರೋಫಿತ್ಸಾ ಬೆನಾಕೊವಿಚ್‌ಳ ಮರುಪರೀಕ್ಷೆ. ಅದೇ ದಿನ ತಾಯಿಯದೂ ಇತ್ತು. ಮಾಂಡಕ್ಕ ಬಿಳಿ ಬಟ್ಟೆಯಲ್ಲಿ ಸುತ್ತಿದ ಕುಲೆನ್ ಒಂದನ್ನು ಎಳೆಮಗುವಿನಂತೆ ಎದೆಗೊತ್ತಿಕೊಂಡು ಬಂದಳು. ಡಾಕ್ಟರು ಅವಳ ಗಂಟಲು ನೋಡಿ ಎಲ್ಲವೂ ಸ್ವಚ್ಛವಾಗಿದೆ ಎಂದು ಕಳಿಸಿದರು. ಅವಳು ನೇರ ನಮ್ಮ ಕೋಣೆಗೆ ಬಂದಳು. ಜುರ್ಜಾಳೂ ಕೌಂಟರ್ ಮುಚ್ಚಿ ಬಂದಳು, ಕಡತದಲ್ಲಿ ಫಲಿತಾಂಶ ಬರೆಯಬೇಕಲ್ಲ.

“ಇದುವರೆಗೆ ಕೊಯ್ದಿಲ್ಲ,” ಎಂದಳು ಮಾಂಡಕ್ಕ. “ಮನೇಲಿ ಕೊಯ್ಯೋಕೆ ಧೈರ್ಯ ಬರ್ಲಿಲ್ಲ.”

ತೂನ್ಯಾ ಮೇಜಿನ ಮೇಲಿನ ಕಾಗದ ಸರಿಸಿದ. ಅವಳು ಚಾಕು ತೆಗೆದು, ಕುಲೆನ್‌ನ ಮೊದಲ ತುಣುಕನ್ನು ಬದಿಗಿಟ್ಟು, ಎರಡನೆಯದನ್ನು ತೆಳ್ಳಗೆ ಕೊಯ್ದಳು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ನಿಧಾನವಾಗಿ ಅಗಿದಳು. ನಾನು ಅವಳ ದವಡೆಯನ್ನೇ ನೋಡುತ್ತಿದ್ದೆ. ಆ ಜಾಗದ ಒಂದೊಂದು ಮಿಲಿಮೀಟರೂ ನನಗೆ ಗೊತ್ತಿತ್ತು. ಒಳಗೆ ಏನಾಗುತ್ತಿದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಅವಳು ನುಂಗಿದಳು. ಹುಬ್ಬು ಗಂಟಿಕ್ಕಿತು. ಇನ್ನೊಂದು ಚೂರು ಕೊಯ್ದು ಬಾಯಿಗೆ ಹಾಕಿಕೊಂಡಳು.

“ಶಿಮೋ,” ಎಂದಳು ಕೊನೆಗೆ.

“ಏನು ಶಿಮೋ?”

“ಅವನ ಕೈ ಸೇದಿಹೋಗ. ಆವತ್ತು ನನ್ನ ಕಣ್ಣು ತಪ್ಪಿಸಿ ಇನ್ನೊಂದು ಹಿಡಿ ಹಾಕಿದಾನೆ. ಇದು ಇಪ್ಪತ್ತೆರಡಲ್ಲ ಯೆಲ್ಕಾ. ಇಪ್ಪತ್ತನಾಲ್ಕು.”

ಜುರ್ಜಾ ಪೆನ್ನು ಹಿಡಿದು ಕಾಯುತ್ತಿದ್ದಳು. “ಏನಂತ ಬರೀಲಿ?”

“ಉಪ್ಪು ಜಾಸ್ತಿ ಅಂತ ಬರಿ,” ಎಂದಳು ಮಾಂಡಕ್ಕ. ಕುಲೆನ್‌ನತ್ತ ಚಾಚಿದ ತೂನ್ಯಾನ ಕೈಗೆ ಚಾಕುವಿನ ಹಿಡಿಯಿಂದ ಒಂದು ಕೊಟ್ಟಳು. “ಇರೋ. ಯೆಲ್ಕಾಗೆ ಮೊದಲು. ಮತ್ತೆ ನೋಡು ಯೆಲ್ಕಾ, ಇಷ್ಟು ದಿನ ಹೇಳ್ಬಾರ್ದು ಅಂತ ಸುಮ್ನಿದ್ದೆ. ಆ ಕಳೆದ ವಾರ ತಂದ್ಯಲ್ಲ ಸಾರು, ಅದನ್ನ ತೇನಾಗೆ ಕೊಡ್ಬೇಡ.”

ನಾನು ದೊರೆಸಾನಿಯ ಕಡತ ತೆರೆದೆ. ಉಪ್ಪಿನ ಮುಂದೆ ಇದ್ದ ಇಪ್ಪತ್ತೆರಡನ್ನು ಹೊಡೆದುಹಾಕಿ ಇಪ್ಪತ್ತನಾಲ್ಕು ಎಂದು ಬರೆದೆ. ಅಕ್ಷರ ಮಸುಕಾಗಿ ಕಾಣುತ್ತಿತ್ತು. ಕಣ್ಣೊರೆಸಿಕೊಳ್ಳಲೆಂದು ಮಾಂಡಕ್ಕ ತನ್ನ ಏಪ್ರನ್ನಿನ ಅಂಚನ್ನು ನನ್ನ ಕಡೆಗೆ ಚಾಚಿದಳು.